ಪೈಪಿನ ಬೀಗರು

ಶಾಂಭವಿಯ ಮದುವೆಗೆ ಜಾತಕ ಅಡ್ಡ ಬರಲಿಲ್ಲ, ಬಂಗಾರ ಅಡ್ಡ ಬರಲಿಲ್ಲ, ಅವಳ ಇಪ್ಪತ್ತೊಂಬತ್ತು ವಯಸ್ಸೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಒಂದು ಪೈಪು. ನೀರಿನ ಪೈಪಲ್ಲ, ತಂಬಾಕು ಸೇದುವ ಪೈಪು.

ಕುರುಗೋಡಿನಲ್ಲಿ ಅವಳ ಮನೆಯವರನ್ನು ಪೈಪಿನವರು ಎಂದೇ ಕರೆಯುತ್ತಾರೆ. ಅವಳ ಅಪ್ಪನ ಹೆಸರು ಮತದಾರರ ಪಟ್ಟಿಯಲ್ಲೂ ಪೈಪಿನ ಚನ್ನಬಸವರಾಜ. ದೇವರ ಜಗಲಿಯ ಮೇಲೆ ಲಿಂಗ, ಗಂಟೆ, ಆರತಿ ತಟ್ಟೆಗಳ ಸಾಲಿನಲ್ಲಿ ಆ ಪೈಪು ಕೂತಿದೆ. ಮನೆಯಲ್ಲಿ ಯಾರೂ ಒಂದು ಬೀಡಿ ಕೂಡ ಸೇದಿದವರಲ್ಲ. ಪೈಪಿನ ಬಟ್ಟಲಿಗೆ ದಿನಾ ಎರಡು ಊದುಬತ್ತಿ ಸಿಕ್ಕಿಸುತ್ತಾರೆ, ಅಷ್ಟೇ ಅದರ ಹೊಗೆ.

ಹೆಣ್ಣು ನೋಡಲು ಬಂದವನು ಸಿರುಗುಪ್ಪದ ವೀರೇಶ್. ಭತ್ತ ಕೊಯ್ಯುವ ಯಂತ್ರಗಳ ಬಿಡಿಭಾಗದ ಅಂಗಡಿ ಇಟ್ಟವನು. ಶಾಂಭವಿ ಬಳ್ಳಾರಿಯ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಇವನಿಗಿಂತ ಮೊದಲು ಬಂದ ಗಂಡುಗಳು ಸಂಬಳ ಕೇಳಿದ್ದರು, ಅಡುಗೆ ಬರುತ್ತದೆಯೇ ಎಂದು ಕೇಳಿದ್ದರು, ಒಬ್ಬನಂತೂ ರಕ್ತದ ಗುಂಪು ಕೇಳಿದ್ದ. ವೀರೇಶ್ ಕೇಳಿದ್ದು ಒಂದೇ:

"ಲ್ಯಾಬಿನಾಗ ಆ ಕೊಳೆತ ತತ್ತಿ ವಾಸನಿ ಗ್ಯಾಸ್ ಮಾಡಿಸ್ತಿದ್ರಲ್ರಿ, ಈಗಲೂ ಮಾಡಿಸ್ತಾರೇನು?"

"ವಾರಕ್ಕೆರಡು ಸಲ ಮಾಡಿಸ್ತೀವಿ."

"ನಾ ಆ ವಾಸನಿಗೇ ಸೈನ್ಸ್ ಬಿಟ್ಟು ಕಾಮರ್ಸಿಗೆ ಹೋದೆ ನೋಡ್ರಿ," ಎಂದು ಅವನು ನಕ್ಕ. ಶಾಂಭವಿ ಅಲ್ಲೇ ತೀರ್ಮಾನ ಮಾಡಿದಳು. ಸುಳ್ಳು ಹೇಳಲು ಬಾರದ ಗಂಡಸನ್ನು ಅವಳು ಹೆಚ್ಚು ನೋಡಿರಲಿಲ್ಲ.

ಒಗ್ಗರಣಿ ಮಿರ್ಚಿ ತಟ್ಟೆಗಳು ಖಾಲಿಯಾಗುವ ಹೊತ್ತಿಗೆ ಎಲ್ಲವೂ ನಿಶ್ಚಯವಾದ ಹಾಗೆಯೇ ಇತ್ತು. ಆಗ ಮೂಲೆಯಲ್ಲಿ ಕೂತು ಮಿರ್ಚಿಯ ತೊಟ್ಟು ಚೀಪುತ್ತಿದ್ದ ಜಂಬಮ್ಮ ಬಾಯಿ ಬಿಟ್ಟಳು. ಜಂಬಮ್ಮ ಚನ್ನಬಸವರಾಜನ ಸೋದರತ್ತೆ, ವಯಸ್ಸು ಎಂಬತ್ತೆರಡು, ಆ ಮನೆಯ ಸುಪ್ರೀಂ ಕೋರ್ಟು.

"ನಿಮ್ಮ ಮನಿತನಕ್ಕ ಏನಂತ ಕರೀತಾರಪಾ?"

ವೀರೇಶನ ಅಪ್ಪ ಎರ್ರಿಸ್ವಾಮಿ ಅಭಿಮಾನದಿಂದ ಮೀಸೆ ನೀವಿಕೊಂಡ. "ಪೈಪಿನವರು ಅಂತಾರ್ರಿ. ನಮ್ಮ ಮುತ್ತಾತಗ ಬಿಳಿ ದೊರಿ ಒಂದು ಪೈಪು ಕೊಟ್ಟಿದ್ದ."

ಜಂಬಮ್ಮ ತಟ್ಟೆ ಕೆಳಗಿಟ್ಟಳು. "ನಾವೂ ಪೈಪಿನವರು, ನೀವೂ ಪೈಪಿನವರು. ಒಂದೇ ಮನಿ. ಅಣ್ಣತಮ್ಮ ಪಾಲಾಗುವಾಗ ಒಂದು ಪೈಪು ಇಲ್ಲಿ ಉಳಿದೈತಿ, ಒಂದು ಸಿರುಗುಪ್ಪಕ್ಕ ಹೋಗೈತಿ. ಈ ಹುಡುಗ ಈಕಿಗೆ ಅಣ್ಣ ಆಗ್ಬೇಕು. ಏನು ಮಾಡಾಕ ಹತ್ತೀರಿ ನೀವೆಲ್ಲಾ?"

ಹಾಗಾದರೆ ಬೆಡಗು, ಅಂದರೆ ವಂಶದ ಗೋತ್ರ, ಕೇಳಿ ನೋಡೋಣ ಎಂದರು ಕೆಲವರು. ಎರಡೂ ಮನೆಯವರಿಗೆ ತಮ್ಮ ಬೆಡಗು ನೆನಪಿರಲಿಲ್ಲ, ಮಠದ ಅಯ್ಯನವರಿಗೆ ಗೊತ್ತಿರುತ್ತದೆ ಎಂದರು. ಅಯ್ಯನವರಿಗೆ ಫೋನ್ ಮಾಡಿದರೆ ಅವರು, ಮನೆಯವರನ್ನು ಕೇಳಿ ಹೇಳ್ರಿ, ಬರೆದಿಟ್ಕೊಳ್ತೀನಿ ಎಂದರು.

ಉಳಿದದ್ದು ಪೈಪಿನ ಕತೆ. ಕುರುಗೋಡಿನ ಕತೆಯಲ್ಲಿ ಮುತ್ತಜ್ಜ ಹಂಪಯ್ಯ, ಎರೆಮಣ್ಣಿನ ಕೆಸರಿನಲ್ಲಿ ಹೂತುಹೋಗಿದ್ದ ದೊರೆಯ ಕುದುರೆಯನ್ನು ಒಬ್ಬನೇ ಎತ್ತಿ ನಿಲ್ಲಿಸಿದ್ದ. ದೊರೆ ಬಾಯಲ್ಲಿದ್ದ ಪೈಪನ್ನೇ ತೆಗೆದು ಅವನ ಕೈಗಿಟ್ಟಿದ್ದ. ಸಿರುಗುಪ್ಪದ ಕತೆಯಲ್ಲಿ ದೊರೆಯ ಹರಿಗೋಲು ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯಲ್ಲಿ ಮಗುಚಿತ್ತು. ಹಿರಿಯ ಎರ್ರಿಸ್ವಾಮಿ, ಅಂದರೆ ಆ ಮುತ್ತಾತ, ಧುಮುಕಿ ಕಾಲರು ಹಿಡಿದು ಎಳೆದು ತಂದಿದ್ದ. ಆ ದೊರೆಯೂ ಬಾಯಲ್ಲಿದ್ದ ಪೈಪನ್ನೇ ಕೊಟ್ಟಿದ್ದ. ಎರಡೂ ಕತೆಯಲ್ಲಿ ಪೈಪಿನಿಂದ ಹೊಗೆ ಇನ್ನೂ ಆಡುತ್ತಿತ್ತು. ನದಿಯಲ್ಲಿ ಮುಳುಗೆದ್ದ ಮೇಲೂ ಆಡುತ್ತಿತ್ತು.

"ಪೈಪು ಮಾಡಿದ ಕಂಪನಿ ಬ್ಯಾರೆ ಆದ್ರ ದೊರಿ ಬ್ಯಾರೆ, ದೊರಿ ಬ್ಯಾರೆ ಆದ್ರ ಮನಿ ಬ್ಯಾರೆ," ಎಂದು ಎರ್ರಿಸ್ವಾಮಿ ದಾರಿ ತೋರಿಸಿದ. "ಎರಡೂ ಪೈಪು ತಪಾಸಣಿ ಮಾಡ್ಸೋಣು. ಯಾವುದು ಅಸಲಿ, ಯಾವ ಊರಿಂದು, ಗೊತ್ತಾಗಲಿ."

"ಆಗಲಿ ಬರ್ರಿ. ನಮ್ಮದು ಅಸಲಿ ಲಂಡನ್ನಿಂದು," ಎಂದ ಚನ್ನಬಸವರಾಜ.

"ನಮ್ಮದೂ ಲಂಡನ್ನಿಂದ," ಎಂದ ಎರ್ರಿಸ್ವಾಮಿ.

ಶಾಂಭವಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಬ್ಬರ ಪೈಪೂ ಅಸಲಿಯಾಗಿ, ಒಂದೇ ಕಂಪನಿಯದಾದರೆ ಮದುವೆ ಇಲ್ಲ. ಒಂದು ನಕಲಿಯಾದರೆ ಅವಮಾನವಾಗಿ ಮದುವೆ ಇಲ್ಲ. ಎರಡೂ ಅಸಲಿ, ಎರಡೂ ಬೇರೆ ಬೇರೆ ಕಂಪನಿ. ಹಾಗಾದರೆ ಮಾತ್ರ ಅವಳ ಮದುವೆ.

ಪೈಪಿನ ವಿಷಯ ಬಲ್ಲವರು ಬಳ್ಳಾರಿ ಜಿಲ್ಲೆಗೆಲ್ಲ ಒಬ್ಬರೇ ಇದ್ದರು. ಶಾಂಭವಿಯ ಕಾಲೇಜಿನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಪ್ರಾಣೇಶರಾಯರು. ಸತ್ಯನಾರಾಯಣಪೇಟೆಯಲ್ಲಿ ಮನೆ. ಹಳೇ ಸಾಮಾನಿನ ಹರಾಜಿನಲ್ಲಿ ಒಮ್ಮೆ ಒಂದು ಕಪಾಟು ಕೊಂಡಾಗ ಅದರ ಖಾನೆಯಲ್ಲಿ ಮೂರು ಪೈಪು ಸಿಕ್ಕಿದ್ದವು. ಅವುಗಳ ಮೇಲಿನ ಮುದ್ರೆ ಓದಲು ಹೊರಟವರು ಹದಿನಾಲ್ಕು ವರ್ಷದಿಂದ ಆ ಹುಚ್ಚಿನಿಂದ ಹೊರಗೆ ಬಂದಿರಲಿಲ್ಲ. ಈಗ ಫೋನಿನ ಗುಂಪೊಂದರಲ್ಲಿ ವಿದೇಶದವರು ತಮ್ಮ ಪೈಪುಗಳ ಫೋಟೋ ಕಳಿಸುತ್ತಾರೆ. ಯಾವ ಕಂಪನಿ, ಯಾವ ಕಾಲ, ಬಾಯಿಕೊಳವೆ ಬದಲಾಗಿದೆಯೇ ಎಂದು ಇವರು ತೀರ್ಪು ಕೊಡುತ್ತಾರೆ. ಆದರೆ ಒಂದು ಸಲವೂ ಸೇದಿದವರಲ್ಲ. ಹೆಂಡತಿ ತಿರುಮಲಮ್ಮ ಆ ಮೂರು ಪೈಪುಗಳನ್ನು ಚಪ್ಪಲಿ ಬಿಡುವ ಜಾಗದ ಟ್ರಂಕಿನಲ್ಲಿಟ್ಟಿದ್ದರು. ಮುಟ್ಟಿದ ದಿನ ಸ್ನಾನ ಮಾಡಿಯೇ ಒಳಗೆ ಬರಬೇಕು.

ಶಾಂಭವಿ ಅವರ ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದಳು. ಕೊನೆಗೆ ದನಿ ಇಳಿಸಿದಳು.

"ಸರ್, ಕಂಪನಿ ಬ್ಯಾರೆ ಬ್ಯಾರೆ ಅಂತ ಹೇಳಿಬಿಡ್ರಿ."

"ನೋಡದೇ?"

"ನೋಡಿದಂಗ ಮಾಡಿ ಹೇಳ್ರಿ."

ರಾಯರು ಕನ್ನಡಕ ತೆಗೆದರು. "ನೋಡವ್ವಾ, ನಾ ಮೂವತ್ತೊಂದು ವರ್ಷ ನಿಜಪ್ರತಿ ಅಂತ ಸೀಲ್ ಹೊಡದವ. ಮೂಲಪ್ರತಿ ನೋಡದೇ ಒಂದಕ್ಕೂ ಹೊಡದಿಲ್ಲ. ನನ್ನ ಮಗಳು ತನ್ಮಯಿಯ ಮಾರ್ಕ್ಸ್ ಕಾರ್ಡಿಗೂ ಹೊಡದಿಲ್ಲ."

"ಹೌದೌದು, ಹೊಡೀಲಿಲ್ಲ," ಎಂದು ಒಳಗಿನಿಂದ ತಿರುಮಲಮ್ಮ ಕೂಗಿದರು. "ಮನೀ ಒಳಗ ಇದ್ದ ಮೂಲಪ್ರತಿ ಹುಡುಕಲಿಕ್ಕೆ ಅರ್ಜಿ ಬರಿ ಅಂದ್ರು ಆಕೀಗೆ."

"ನಿಯಮ ನಿಯಮನ," ಎಂದರು ರಾಯರು. "ಭಾನುವಾರ ಬರ್ತೀನಿ. ಇದ್ದದ್ದು ಇದ್ದಂಗ ಹೇಳ್ತೀನಿ."

ಶಾಂಭವಿ ವೀರೇಶನಿಗೆ ಫೋನ್ ಮಾಡಿ, "ರಾಯರು ಸುಳ್ಳು ಹೇಳಾಕ ಒಪ್ಪಲಿಲ್ಲ," ಎಂದಳು. ಅವನು, "ನಾ ಆದ್ರೂ ಎಲ್ಲಿ ಒಪ್ತಿದ್ದೆ," ಎಂದ. ಅವಳಿಗೆ ಸಿಟ್ಟೂ ಬಂತು, ಇವನನ್ನು ಬಿಡಬಾರದು ಎಂದೂ ಅನಿಸಿತು.

ಭಾನುವಾರ ಬೆಳಿಗ್ಗೆ ರಾಯರು ಬಸ್ಸಿನಲ್ಲಿ ಕುರುಗೋಡಿಗೆ ಬಂದಿಳಿದರು. ಕೈಚೀಲದಲ್ಲಿ ಭೂತಗನ್ನಡಿ, ಟಾರ್ಚು, ಬಿಳಿ ಪಂಚೆಯ ತುಂಡು, ತಮ್ಮ ಮನೆಯ ನೀರಿನ ಬಾಟಲಿ, ಅವಲಕ್ಕಿ ಡಬ್ಬಿ, ಜೊತೆಗೆ ಒಂದು ಸೈಕಲ್ ಪಂಪು.

"ಪಂಪ್ ಯಾಕ್ರಿ?" ಎಂದು ಚನ್ನಬಸವರಾಜ ಕೇಳಿದ.

"ಪೈಪಿನ ಉಸಿರು ನೋಡ್ಬೇಕಾಗ್ತದ. ಬೇರೆಯವರು ಬಾಯಿ ಹಚ್ಚಿ ನೋಡ್ತಾರೆ. ನನಗದು ಆಗೂದಿಲ್ಲ. ಯಾವನೋ ಮಾಂಸ ತಿಂದ ಬಾಯಿಯ ಎಂಜಲು."

ಸಿರುಗುಪ್ಪದವರು ಕಾರಿನಲ್ಲಿ ಬಂದರು. ಎರ್ರಿಸ್ವಾಮಿಯ ತೊಡೆಯ ಮೇಲೆ ಹೊಸ ಕುಕ್ಕರಿನ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಶಾಲು, ಶಾಲಿನೊಳಗೆ ಪೈಪು. ಸೀಟಿನ ಬೆಲ್ಟು ಪೆಟ್ಟಿಗೆಯ ಮೇಲಿಂದ ಬಿಗಿದಿತ್ತು.

ಪಡಸಾಲೆಯಲ್ಲಿ ಜಮಖಾನ ಹಾಸಿ, ನಡುವೆ ಬಿಳಿ ಬಟ್ಟೆ ಹರಡಿದರು. ಮೊದಲು ಕುರುಗೋಡಿನ ಪೈಪು ಬಂತು. ಮೂರು ಬೆರಳಿನ ವಿಭೂತಿ ಪಟ್ಟೆ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು ಮದುಮಗನ ಹಾಗಿತ್ತು. ರಾಯರು ಒರೆಸಿ ನೋಡಿ ಬೆಚ್ಚಿಬಿದ್ದರು.

"ಇದಕ್ಕೇನು ಮಾಡೀರಿ ನೀವು?"

"ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕತೀವಿ," ಎಂದಳು ಜಂಬಮ್ಮ. "ವರ್ಷಾ ಆಯುಧಪೂಜಿಗೆ. ತಂಬಿಗಿ ಜೋಡಿ. ನಾ ಈ ಮನ್ಯಾಗ ಹುಟ್ಟಿದಾಗಿಂದ ನೋಡಾಕ ಹತ್ತೀನಿ."

"ಮರಕ್ಕ ಹುಣಸೆಹಣ್ಣು! ತಾಯೀ, ಇದು ತಂಬಿಗೆ ಅಲ್ಲ."

"ತಿಕ್ಕದಿದ್ರ ಕಪ್ಪಾಗ್ತಿತ್ತು."

"ಬಾಯಿಕೊಳವೆ ಕಪ್ಪೇ ಇರ್ಬೇಕು. ನೀವು ತಿಕ್ಕಿ ತಿಕ್ಕಿ ಬೆಲ್ಲದ ಬಣ್ಣಕ್ಕ ತಂದೀರಿ." ರಾಯರು ಬಾಯಿಕೊಳವೆಯನ್ನು ಪಂಚೆಗೆ ಉಜ್ಜಿ ಮೂಗಿನ ಹತ್ತಿರ ಹಿಡಿದರು. ಶಾಂಭವಿಯ ಕಡೆಗೂ ಹಿಡಿದರು. ಅವಳು ಮೂಸಿ, "ಗಂಧಕ," ಎಂದಳು.

"ಸರಿಯಾಗಿ ಹೇಳಿದಿ. ಗಂಧಕ ಕೂಡಿಸಿ ಗಟ್ಟಿ ಮಾಡಿದ ರಬ್ಬರು. ಇತ್ತೀಚಿನ ಪ್ಲಾಸ್ಟಿಕ್ ಆಗಿದ್ರೆ ವಾಸನಿ ಬರ್ತಿದ್ದಿಲ್ಲ. ಹಳೇದು, ಅಸಲಿ." ಬಟ್ಟಲನ್ನು ಬೆಳಕಿಗೆ ತಿರುಗಿಸಿದರು. "ಬ್ರಯರ್ ಅಂತ ಒಂದು ಗಿಡ. ಮೆಡಿಟರೇನಿಯನ್ ಸಮುದ್ರದ ದಂಡಿಗೆ ಬೆಳೀತದ. ಅದರ ಬೇರಿನ ಗಡ್ಡೆ ಇದು, ಬೆಂಕಿಗೆ ಜಗ್ಗೂದಿಲ್ಲ. ಅಗ್ಗದ ಮಾಲಾದ್ರೆ ಮರದ ಕುಳಿಗೆ ಮೇಣ ತುಂಬಿರ್ತಾರ. ಇದರಾಗ ಒಂದು ಕುಳಿ ಇಲ್ಲ. ಮೊದಲನೇ ದರ್ಜೆ."

ಚನ್ನಬಸವರಾಜ ಎದ್ದು ನಿಂತು ಲುಂಗಿ ಬಿಗಿಯಾಗಿ ಕಟ್ಟಿಕೊಂಡು ಮತ್ತೆ ಕೂತ. ಯಾರೋ ಬಂದು ಅವನಿಗೇ ಮೊದಲನೇ ದರ್ಜೆ ಎಂದ ಹಾಗಿತ್ತು.

"ಕಂಪನಿ ಮುದ್ರೆ ಮಾತ್ರ ಪೂರ್ತಿ ತಿಕ್ಕಿ ಹಾಕೀರಿ," ಎಂದು ರಾಯರು ಗೊಣಗಿದರು. ಶಾಂಭವಿಗೆ ಉಸಿರು ಬಂತು. ಮುದ್ರೆ ಇಲ್ಲದಿದ್ದರೆ ಒಂದೇ ಕಂಪನಿ ಎಂದು ಹೇಳಲಾಗದು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಹುಣಸೆಹಣ್ಣಿನ ಮೇಲೆ ಭಕ್ತಿ ಹುಟ್ಟಿತು.

ಅಷ್ಟರಲ್ಲಿ ರಾಯರು ಬಾಯಿಕೊಳವೆಯ ಬದಿಗೆ ಭೂತಗನ್ನಡಿ ಹಿಡಿದರು. ಅಲ್ಲಿ ಬಿಳಿ ಚುಕ್ಕೆಯೊಂದು ಹುದುಗಿತ್ತು. "ಬಾತುಕೋಳಿ," ಎಂದರು.

"ಬಸವಣ್ಣ!" ಎಂದಳು ಜಂಬಮ್ಮ. "ಅದಕ್ಕ ದಿನಾ ಪೂಜಿ ಮಾಡ್ತೀವಿ."

"ಬಾತುಕೋಳಿನೇ ತಾಯಿ. ನೋಡ್ರಿ, ಕೊಕ್ಕು."

"ಅದು ಕೋಡು."

"ಒಂದೇ ಕೋಡೇ?"

"ಇನ್ನೊಂದು ಆ ಕಡೆ ಐತಿ, ಕಾಣವಲ್ದು."

ರಾಯರು ವಾದ ಬಿಟ್ಟರು. ಬಾತುಕೋಳಿ ಯಾವ ಕಂಪನಿಯ ಗುರುತು ಎಂದು ಅವರಿಗೆ ಗೊತ್ತಿತ್ತು: ಥಾರ್ನ್‌ಬಿ ಅಂಡ್ ಸನ್ಸ್, ಲಂಡನ್.

ಸಿರುಗುಪ್ಪದ ಪೈಪು ಶಾಲಿನಿಂದ ಹೊರಬಿದ್ದಾಗ ರಾಯರು ಸಾವಿನ ಸುದ್ದಿ ಕೇಳಿದವರಂತೆ ಕಣ್ಣು ಮುಚ್ಚಿದರು. ತುದಿಯಿಂದ ಬುಡದವರೆಗೆ ಬೆಳ್ಳಿ ಬಣ್ಣದ ಪೇಂಟು. ಬಟ್ಟಲಿನ ಒಳಗೂ ಪೇಂಟು.

"ಗೇಟಿಗೆ ಹೊಡಿಯೋದು ಸ್ವಲ್ಪ ಉಳಿದಿತ್ರಿ," ಎಂದ ಎರ್ರಿಸ್ವಾಮಿ. "ಹುಳ ಹಿಡೀಬಾರ್ದು ಅಂತ."

ವೀರೇಶ್ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಥಿನ್ನರ್ ತಂದ. ಶಾಂಭವಿ ಹತ್ತಿ ಅದ್ದಿ ಉಜ್ಜಲು ಕೂತಳು, ಅವನು ಪೈಪು ಹಿಡಿದುಕೊಂಡ. ಪೇಂಟು ಪದರ ಪದರವಾಗಿ ಎದ್ದಿತು. ಬೆಳ್ಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಟ್ರ್ಯಾಕ್ಟರಿನ ಕೆಂಪು. ಕೆಂಪಿನ ಕೆಳಗೆ ಮರದಲ್ಲಿ ಅಕ್ಷರಗಳು ಕಾಣತೊಡಗಿದಾಗ ಅವಳ ಕೈ ನಿಂತಿತು. ಒಂದು ಚೂರು ಉಪ್ಪುಕಾಗದ ಸಿಕ್ಕಿದ್ದರೆ ಅರ್ಧ ನಿಮಿಷದ ಕೆಲಸ. ಅವಳು ಹೆಬ್ಬೆರಳಿನಿಂದಲೇ ಜೋರಾಗಿ ತಿಕ್ಕಿದಳು. ಉಗುರಿನಿಂದ ಕೆರೆದಳು. ಅಕ್ಷರ ಅಳಿಯಲಿಲ್ಲ, ಇನ್ನಷ್ಟು ಸ್ಪಷ್ಟವಾಯಿತು. ಲಂಡನ್ನಿನವರು ಮುದ್ರೆಯನ್ನು ಗಟ್ಟಿಯಾಗಿಯೇ ಹೊಡೆದಿದ್ದರು.

"ಸಾಕು ಬಿಡ್ರಿ," ಎಂದ ವೀರೇಶ್ ಮೆಲ್ಲಗೆ. "ಉಗುರು ಹೋದೀತು."

ರಾಯರು ಓದಿದರು. ಥಾರ್ನ್‌ಬಿ ಅಂಡ್ ಸನ್ಸ್, ಲಂಡನ್. ಬಾಯಿಕೊಳವೆಯ ಮೇಲೆ ಬಾತುಕೋಳಿ.

"ಅಲ್ಲೂ ಬಸವಣ್ಣ ಅದಾನ ನೋಡ್ರಿ!" ಎಂದಳು ಜಂಬಮ್ಮ.

ರಾಯರು ಅಲ್ಲಿಗೂ ಬಿಡಲಿಲ್ಲ. ಪೈಪಿನ ಕೊರಳಿಗೆ ಸುತ್ತಿದ ಬೆಳ್ಳಿಯ ಪಟ್ಟಿಗೆ ಟಾರ್ಚನ್ನು ಓರೆಯಾಗಿ ಹಿಡಿದರು. ಸಿರುಗುಪ್ಪದ್ದರಲ್ಲಿ ಇಂಗ್ಲಿಷಿನಲ್ಲಿ ಶನಿವಾರ ಎಂದಿತ್ತು. ಕುರುಗೋಡಿನದು ತೇದು ಹೋಗಿದ್ದರೂ ಓರೆ ಬೆಳಕಿಗೆ ಸೋಮವಾರ ಎಂದು ಓದಲಾಯಿತು. ಎರಡರ ಹಿಂಬದಿಗೂ ನಲವತ್ತೊಂದು ಎಂಬ ಅಂಕಿ.

"ವಾರದ ಪೆಟ್ಟಿಗೆ ಇದು," ಎಂದು ರಾಯರು ಘೋಷಿಸಿದರು. ಹದಿನಾಲ್ಕು ವರ್ಷ ಫೋಟೋ ನೋಡಿದವರಿಗೆ ಕೈಯಲ್ಲೇ ಎರಡು ಸಿಕ್ಕಿದ್ದವು. "ದಿನಕ್ಕೊಂದು ಪೈಪು. ಒಂದೇ ಕಂಪನಿ, ಒಂದೇ ಮರ, ಒಂದೇ ಪೆಟ್ಟಿಗಿ. ನಲವತ್ತೊಂದನೇ ಪೆಟ್ಟಿಗಿ."

"ನಮ್ಮದು ಸೋಮವಾರ!" ಎಂದ ಚನ್ನಬಸವರಾಜ. "ಶಿವನ ವಾರ."

ಎರ್ರಿಸ್ವಾಮಿಯ ಮುಖ ಕಪ್ಪಿಟ್ಟಿತು. ನೂರು ವರ್ಷ ಶನಿಯನ್ನು ಜಗಲಿಯ ಮೇಲೆ ಕೂಡಿಸಿಕೊಂಡಿದ್ದೆವೇ ಎಂದು ಅವನು ಲೆಕ್ಕ ಹಾಕುತ್ತಿದ್ದುದು ಕಾಣುತ್ತಿತ್ತು. ಕೊನೆಗೆ, "ಶನಿವಾರ ಅಂದ್ರ ಹಣಮಪ್ಪನ ವಾರ್ರಿ," ಎಂದ. ಅವನ ದನಿಯಲ್ಲಿ ಹಣಮಪ್ಪನ ಬಲ ಇರಲಿಲ್ಲ.

"ಒಂದೇ ಪೆಟ್ಟಿಗಿ ಅಂದಮ್ಯಾಲೆ ಮುಗೀತು," ಎಂದಳು ಜಂಬಮ್ಮ. "ನಾ ಹೇಳಲಿಲ್ಲೇನು? ಒಂದೇ ಮನಿ. ಅಣ್ಣ ತಂಗಿ. ಆ ಹುಡುಗಿ ತಲಿ ಮ್ಯಾಲೆ ಸೆರಗು ಹೊದ್ದಿದ್ದು ತಗೀರಿ ಇನ್ನ."

ಎರ್ರಿಸ್ವಾಮಿ ಎದ್ದು ಪೆಟ್ಟಿಗೆ ಕೈಗೆತ್ತಿಕೊಂಡ. "ನಡೀಲೇ ವೀರೇಶ. ದಾಯಾದಿಗಳ ಮನ್ಯಾಗ ಊಟಕ್ಕೇನೂ ಅಡ್ಡಿ ಇಲ್ಲ, ಆದ್ರ ಹೊಟ್ಟಿ ತುಂಬೈತಿ." ವೀರೇಶ್ ಏಳಲಿಲ್ಲ. ಶಾಂಭವಿ ಕಪ್ಪಾದ ಹತ್ತಿಯ ಉಂಡೆಯನ್ನು ಹಿಡಿದು ಕೂತಿದ್ದಳು. ಇನ್ನು ಇವನನ್ನು ಅಣ್ಣ ಎಂದು ಕರೆಯಬೇಕೇ ಎಂದುಕೊಂಡು ಆ ಉಂಡೆಯನ್ನು ಹಿಂಡಿದಳು.

"ಯಾರೂ ಏಳಬಾರದು," ಎಂದರು ರಾಯರು. "ತಪಾಸಣೆ ಮುಗಿದಿಲ್ಲ. ಉಸಿರು ನೋಡೂದು ಉಳಿದದ."

ಕುರುಗೋಡಿನ ಪೈಪಿನ ಬಾಯಿಕೊಳವೆಗೆ ಪಂಪಿನ ರಬ್ಬರು ನಳಿಕೆ ತುರುಕಿ, ನಿಂತು ಒಂದು ಸಲ ಒತ್ತಿದರು. ಗಾಳಿ ಹೋಗಲಿಲ್ಲ. ಎರಡು ಸಲ ಒತ್ತಿದರು. ಪೈಪು ಬಿಕ್ಕಳಿಸಿತು. ಚನ್ನಬಸವರಾಜ, "ಹಗೂರಕ್ಕ ರಾಯರ," ಎನ್ನುವಷ್ಟರಲ್ಲಿ ಅವರು ಇಡೀ ಮೈಭಾರ ಬಿಟ್ಟು ಮೂರನೇ ಸಲ ಒತ್ತಿದರು.

ಢಬ್ ಎಂದು ಸದ್ದಾಯಿತು. ತಲೆಮಾರುಗಳ ಊದುಬತ್ತಿಯ ಬೂದಿ, ವಿಭೂತಿ, ಕುಂಕುಮ ಎಲ್ಲ ಕೂಡಿ ಗಟ್ಟಿಯಾಗಿದ್ದ ಬಿರಡೆಯೊಂದು ಬಟ್ಟಲಿನಿಂದ ಹಾರಿ ನೇರ ಎರ್ರಿಸ್ವಾಮಿಯ ಹಣೆಗೆ ಬಡಿಯಿತು. ಹಿಂದೆಯೇ ಕೆಂಪು ಮೋಡವೊಂದು ಎದ್ದು ಪಡಸಾಲೆಯ ಮೇಲೆ ಇಳಿಯಿತು. ಎರ್ರಿಸ್ವಾಮಿಯ ಬಿಳಿ ಅಂಗಿ, ಚನ್ನಬಸವರಾಜನ ಮೀಸೆ, ರಾಯರ ಅವಲಕ್ಕಿ ಡಬ್ಬಿ, ಎಲ್ಲಕ್ಕೂ ಕುಂಕುಮ ಬಿತ್ತು.

"ಆಶೀರ್ವಾದ ಆತು," ಎಂದಳು ಜಂಬಮ್ಮ ಕೈ ಮುಗಿದು.

"ಕಣ್ಣು ಹೋತು!" ಎಂದ ಎರ್ರಿಸ್ವಾಮಿ.

ರಾಯರು ಅವರಾರ ಕಡೆಗೂ ನೋಡಲಿಲ್ಲ. ಸಡಿಲಾದ ಬಾಯಿಕೊಳವೆಯನ್ನು ತಿರುವಿ ಕಿತ್ತು, ಕೊರಳಿನ ತೂತಿನೊಳಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಸಿರುಗುಪ್ಪದ್ದನ್ನೂ ಕಿತ್ತು ನೋಡಿದರು. ಮತ್ತೆ ಇದನ್ನು, ಮತ್ತೆ ಅದನ್ನು.

"ಇವೆರಡೂ ಬೆಂಕಿ ಕಂಡಿಲ್ಲ," ಎಂದರು.

"ಅಂದ್ರ?"

"ಪೈಪು ಒಂದು ಸಲ ಸೇದಿದ್ರೂ ಸಾಕು, ಈ ತೂತಿನ ಒಳಗ ಕಪ್ಪು ಅಂಟು ಕೂಡ್ತದ. ಬಟ್ಟಲು ನೀವು ತಿಕ್ಕಿರಬಹುದು, ಪೇಂಟ್ ಹೊಡದಿರಬಹುದು. ಬಾಯಿಕೊಳವಿ ಹುಗಿದಿರೋ ಈ ಜಾಗಕ್ಕ ಹುಣಸೆಹಣ್ಣೂ ಬಂದಿಲ್ಲ, ಪೇಂಟೂ ಬಂದಿಲ್ಲ. ಮರ ಬಡಗಿ ಕೊರೆದ ದಿನ ಹೆಂಗಿತ್ತೋ ಹಂಗೇ ಅದ. ಯಾವ ದೊರೆಯೂ ಇವನ್ನ ಬಾಯಾಗ ಇಟ್ಟಿಲ್ಲ. ಹೊಸಾ ಪೆಟ್ಟಿಗಿ ಒಡೆದು ಕೊಟ್ಟದ್ದು."

ಪಡಸಾಲೆಯಲ್ಲಿ ಆವರೆಗೆ ಎದುರುಬದುರಾಗಿ ಕೂತಿದ್ದ ಇಬ್ಬರು ಅಪ್ಪಂದಿರು ಅಂದು ಮೊದಲ ಸಲ ಒಂದಾದರು.

"ಹೊಗಿ ಆಡ್ತಿತ್ತು!" ಎಂದ ಚನ್ನಬಸವರಾಜ.

"ನಮ್ಮದರಾಗೂ ಆಡ್ತಿತ್ತು!" ಎಂದ ಎರ್ರಿಸ್ವಾಮಿ. ಕುಂಕುಮದ ಮುಖದಲ್ಲಿ ಕಣ್ಣಷ್ಟೇ ಕಾಣುತ್ತಿದ್ದವು. "ಬಾಯಿಗೇ ಹಚ್ಚದವರಿಗೆ ಪೈಪಿಂದೇನು ಗೊತ್ತಾಗ್ತದ್ರಿ? ಪಂಪ್ ತಗೊಂಡು ಬಂದಾರ, ಪಂಚರ್ ಹಾಕಾಕ ಬಂದಂಗ."

"ಬರೋಬ್ಬರಿ ಹೇಳಿದ್ರಿ ಬೀಗರ," ಎಂದ ಚನ್ನಬಸವರಾಜ. ಬೀಗರ ಎಂದದ್ದು ಅವನಿಗೇ ಗೊತ್ತಾಗಲಿಲ್ಲ.

ಶಾಂಭವಿಗೆ ಗೊತ್ತಾಯಿತು. ಅವಳು ಹತ್ತಿಯ ಉಂಡೆ ಎಸೆದು ಎದ್ದು ನಿಂತಳು.

"ಸರ್, ಪೆಟ್ಟಿಗ್ಯಾಗ ಒಟ್ಟು ಏಳು ಪೈಪು ಇದ್ದವಲ್ರಿ?"

"ಏಳು."

"ಹೊಸಾ ಪೆಟ್ಟಿಗಿ ಒಡದು ಕೊಟ್ಟಿದ್ದು ಅಂದ್ರ, ಹಂಚಿದ್ದು. ನಮ್ಮ ಪ್ರಿನ್ಸಿಪಾಲರು ವರ್ಗ ಆಗಿ ಹೋಗುವಾಗ ಎಲ್ಲಾರಿಗೂ ಒಂದೊಂದು ಪೆನ್ನು ಕೊಟ್ರಲ್ಲ, ಹಂಗ."

"ಇರಬಹುದು. ಆದರ ಅದು ಊಹೆ, ನಾ ಸೀಲ್ ಹೊಡಿಯೂದಿಲ್ಲ."

"ನಿಮ್ಮ ಸೀಲ್ ಬ್ಯಾಡ." ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಿನಗ ಹೊಗಿ ಬೇಕೋ ನನ್ನ ಮದುವಿ ಬೇಕೋ ಹೇಳು. ದೊರಿ ತನ್ನ ಬಾಯಿಂದ ತಗದು ಕೊಟ್ಟ ಅಂದ್ರ ಒಬ್ಬನೇ ದೊರಿ, ಒಂದೇ ಮನಿ, ವೀರೇಶ್ ನನಗ ಅಣ್ಣ. ರಾಖಿ ತಗೊಂಡು ಸಿರುಗುಪ್ಪಕ್ಕ ಹೋಗ್ತೀನಿ. ಹಂಚಿದ್ದು ಅಂದ್ರ ಏಳು ಪೈಪು, ಏಳು ಮನಿ."

"ಒಂದೇ ಮನಿಗೆ ಎರಡು ಕೊಟ್ಟಿದ್ರ?" ಎಂದಳು ಜಂಬಮ್ಮ. ಸುಪ್ರೀಂ ಕೋರ್ಟಿನ ವಿಚಾರಣೆ ಇನ್ನೂ ಮುಗಿದಿರಲಿಲ್ಲ.

"ಜಂಬಜ್ಜಿ, ಮದುವಿಗೆ ಹೋದಾಗ ಬಂದವರಿಗೆ ಸ್ಟೀಲ್ ಡಬ್ಬಿ ಹಂಚ್ತಾರಲ್ಲ, ಒಂದೇ ಮನಿಗೆ ಎರಡು ಕೊಟ್ಟಿದ್ದು ಎಲ್ಲಾದ್ರೂ ನೋಡೀ ಏನು?"

ಜಂಬಮ್ಮನ ಮುಖ ಬದಲಾಯಿತು. ಎಮ್ಮಿಗನೂರಿನ ಮದುವೆಯೊಂದರಲ್ಲಿ ಅವಳಿಗಾದ ಅನ್ಯಾಯ ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮೊಮ್ಮಗಳಿಗೂ ಒಂದು ಡಬ್ಬಿ ಕೊಡ್ರಿ ಎಂದದ್ದಕ್ಕೆ, ನಾಲ್ಕು ಜನರೆದುರು, ಕೈಯಲ್ಲಿದ್ದ ಡಬ್ಬಿಯನ್ನೇ ಹಿಂದಕ್ಕೆಳೆದುಕೊಂಡಿದ್ದರು.

"ಮನಿಗೆ ಒಂದೇ ಅವ್ವಾ ಅಂದ್ಲು ಆ ಹಾದರಗಿತ್ತಿ," ಎಂದಳು ಜಂಬಮ್ಮ. ಹನ್ನೊಂದು ವರ್ಷದ ಸಿಟ್ಟು ಹಾಗೇ ಬಿಸಿಯಾಗಿತ್ತು. "ಮುಚ್ಚಳ ಕೂಡ ಬಿಗಿ ಕೂಡಂಗಿಲ್ಲ, ಅಂಥಾ ಡಬ್ಬಿ. ಎರಡು ಕೊಡಲಿಲ್ಲ. ಹಂಚೋ ಕೈ ಯಾರಿಗೂ ಎರಡು ಕೊಡಂಗಿಲ್ಲ. ಬಿಳಿ ದೊರಿ ಕೊಡ್ತಾನೇನು? ಸಾಧ್ಯನ ಇಲ್ಲ." ಅವಳು ನೆಲಕ್ಕೆ ಅಂಗೈ ಬಡಿದಳು. "ಹಂಚಿದ್ದ. ಬ್ಯಾರೆ ಬ್ಯಾರೆ ಮನಿ. ಮುಗೀತು, ಅಕ್ಕಿಕಾಳಿನ ದಿನ ನೋಡ್ರಿ."

"ಅಲ್ಲತ್ತಿ," ಎಂದ ಚನ್ನಬಸವರಾಜ ಅಳುವ ದನಿಯಲ್ಲಿ. "ಹಂಗಾದ್ರ ನಮ್ಮ ಮುತ್ತಜ್ಜ ಕುದುರಿ ಎತ್ತಿದ್ದು ಸುಳ್ಳೇನು? ಡಬ್ಬಿ ಇಸ್ಕೊಂಡಂಗ ಸಾಲಿನಾಗ ನಿಂತು ಇಸ್ಕೊಂಡನೇನು?"

ಎರ್ರಿಸ್ವಾಮಿಯೂ ರಾಯರ ಕಡೆ ನೋಡಿದ. ನದಿಯ ವಿಷಯ ಕೇಳಲು ಅವನಿಗೆ ಧೈರ್ಯವಾಗಲಿಲ್ಲ.

ರಾಯರು ಭೂತಗನ್ನಡಿಯನ್ನು ಒರೆಸಿ ಚೀಲಕ್ಕೆ ಹಾಕಿದರು. "ಕುದುರಿ, ನದಿ ಎರಡೂ ನನ್ನ ವ್ಯಾಪ್ತಿಗೆ ಬರೂದಿಲ್ಲ. ನಾ ಪೈಪಷ್ಟೇ ನೋಡಿದ್ದು. ಅವನ್ನ ನೀವು ಇಟ್ಕೋಬಹುದು."

ಹೊಗೆ ಹೋದರೂ ಕುದುರೆ ಉಳಿಯಿತು, ನದಿ ಉಳಿಯಿತು. ಚನ್ನಬಸವರಾಜ ಎದ್ದು ಒಳಗಿನಿಂದ ಟವೆಲು ತಂದು ಎರ್ರಿಸ್ವಾಮಿಗೆ ಕೊಟ್ಟ. ಎರ್ರಿಸ್ವಾಮಿ ಮುಖ ಒರೆಸಿಕೊಂಡು, "ಊಟಕ್ಕ ಏನ್ ಮಾಡ್ಸೀರಿ?" ಎಂದ.

ಜಂಬಮ್ಮ ಒಂದೇ ಷರತ್ತು ಹಾಕಿದಳು. ಉಳಿದ ಐದು ಪೈಪಿನ ಮನೆಗಳನ್ನು ಹುಡುಕಿ ಮದುವೆಗೆ ಕರೆಯಬೇಕು. ಒಂದೇ ಕೈಯಿಂದ ಇಸಕೊಂಡವರನ್ನು ಬಿಟ್ಟು ಮದುವೆ ಮಾಡಿದರೆ ಒಳ್ಳೆಯದಲ್ಲ. ಶಾಂಭವಿ ಬೇಡವೆನ್ನಲು ಹೊರಟಳು. ವೀರೇಶ್ ಕಣ್ಣಲ್ಲೇ ತಡೆದ. ಇಷ್ಟು ದೂರ ಬಂದ ಮೇಲೆ ಐದು ಮನೆಗೆ ಹೆದರುವುದೇ ಎಂಬಂತಿತ್ತು ಅವನ ನೋಟ.

ಇಬ್ಬರು ಬೀಗರು ಒಂದೇ ಮೋಟರ್ ಸೈಕಲ್ ಮೇಲೆ ಎರಡು ತಾಲ್ಲೂಕು ತಿರುಗಿದರು. ಸುದ್ದಿ ಅವರಿಗಿಂತ ಮುಂಚೆ ಊರೂರು ತಲುಪುತ್ತಿತ್ತು. ಪೈಪಿದ್ದವರಿಗೆ ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಸನ್ಮಾನ ಎಂದು ಯಾರೋ ಹಬ್ಬಿಸಿದ್ದರು.

ಮದುವೆಯ ದಿನ ಬಳ್ಳಾರಿಯ ಕಲ್ಯಾಣ ಮಂಟಪದ ಬಾಗಿಲಲ್ಲಿ, ಪನ್ನೀರು ಚಿಮುಕಿಸುವ ಜಾಗದ ಪಕ್ಕದಲ್ಲೇ, ರಾಯರಿಗೆ ಒಂದು ಮೇಜು ಹಾಕಬೇಕಾಯಿತು. ಹತ್ತೊಂಬತ್ತು ಪೈಪು ಬಂದವು. ಕರೂರಿನ ಹುಲುಗೇಶ್ ಎನ್ನುವವನು ತಂದದ್ದು ಹಾರ್ಮೋನಿಯಂನ ಒಂದು ಬಿಡಿಭಾಗ. ಇನ್ನೊಬ್ಬ ಚಿಲುಮೆ ತಂದಿದ್ದ, ಅದೂ ಅರ್ಧ ಒಡೆದದ್ದು. ಒಬ್ಬಾತ ನಾಟಕದ ಕಂಪನಿಯ ಪೊಲೀಸ್ ಅಧಿಕಾರಿಯ ಪೈಪು ತಂದು, ಪ್ಲಾಸ್ಟಿಕ್ ಎಂದು ರಾಯರು ಹೇಳಿದ್ದಕ್ಕೆ, ಲಂಡನ್ನಿನ ಪ್ಲಾಸ್ಟಿಕ್ಕು ಎಂದು ವಾದಿಸುತ್ತಿದ್ದ. ರಾಯರು ಒಬ್ಬೊಬ್ಬರಿಗೂ ಚೀಟಿಯಲ್ಲಿ ಬರೆದುಕೊಡುತ್ತಿದ್ದರು: ತಿರಸ್ಕರಿಸಲಾಗಿದೆ, ತಿರಸ್ಕರಿಸಲಾಗಿದೆ, ಮೂಲದಾಖಲೆಯೊಂದಿಗೆ ಬನ್ನಿ.

ತಾಳಿ ಕಟ್ಟಿ ಅಕ್ಕಿಕಾಳು ಬಿದ್ದ ಸ್ವಲ್ಪ ಹೊತ್ತಿಗೆ ಬಾದನಹಟ್ಟಿಯಿಂದ ಗಿಡ್ಡಮ್ಮ ಎಂಬ ಮುದುಕಿ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಪೈಪು ಮೇಜಿನ ಮೇಲಿಟ್ಟಳು. ಬಾತುಕೋಳಿ ಇತ್ತು. ಬೆಳ್ಳಿ ಪಟ್ಟಿಯ ಮೇಲೆ ಬುಧವಾರ, ಹಿಂದೆ ನಲವತ್ತೊಂದು. ಬಾಯಿಕೊಳವೆ ಕಪ್ಪಗೆ ಹೊಳೆಯುತ್ತಿತ್ತು, ಮುದ್ರೆ ನಿನ್ನೆ ಹೊಡೆದಂತಿತ್ತು. ಬಟ್ಟಲಿನೊಳಗೆ ಬೆಂಕಿಯ ಕಪ್ಪು ಒಂದೇ ಸಮನಾಗಿ ಕೂತಿತ್ತು.

"ಇಷ್ಟು ಚೊಕ್ಕ ಪೈಪು ನಾ ಫೋಟೋದಾಗೂ ನೋಡಿಲ್ಲ!" ಎಂದು ರಾಯರು ಎದ್ದೇ ನಿಂತರು. "ಇದನ್ನ ಹೆಂಗ ಇಟ್ಟಿದ್ರಿ ತಾಯಿ? ಪೂಜಿ ಏನಾದ್ರೂ?"

"ಪೂಜಿ ಯಾಕಪಾ? ನಮ್ಮಪ್ಪ ಸೇದತಿದ್ದ, ಈಗ ನಾ ಸೇದತೀನಿ. ಊಟ ಆದಮ್ಯಾಲೆ ಎರಡು ಸಲ. ಊಟ ಯಾವ ಕಡೆ?"

ಜಂಬಮ್ಮ ಅಷ್ಟರಲ್ಲಿ ಗಿಡ್ಡಮ್ಮನ ಕೈ ಹಿಡಿದು ಮುಂದಿನ ಸಾಲಿಗೆ ಕರೆತಂದಿದ್ದಳು. ವೇದಿಕೆಯ ಮೇಲೆ ಫೋಟೋ ತೆಗೆಸಿಕೊಂಡು ತೆಗೆಸಿಕೊಂಡು ದವಡೆ ನೋಯುತ್ತಿದ್ದ ಶಾಂಭವಿಗೆ ಅವರ ಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು. ವಾದ್ಯದ ಸದ್ದಿನಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕಿತ್ತು.

"ನಿಮ್ಮ ಮನ್ಯಾಗ ಮದುವಿಗೆ ಬಂದ ಹೆಣ್ಣು ಅದಾವೇನು?" ಎಂದು ಜಂಬಮ್ಮ ಕೇಳುತ್ತಿದ್ದಳು. "ನಮ್ಮ ತಮ್ಮನ ಮೊಮ್ಮಗ ಒಬ್ಬ ಅದಾನ. ಹೊರಗಿನವರಿಗೆ ನಾವು ಕೊಡೂದೂ ಇಲ್ಲ, ತರೂದೂ ಇಲ್ಲ. ಮೊದಲಿಂದಲೂ ನಮ್ಮಲ್ಲಿ ಪೈಪಿನವರಿಗೆ ಪೈಪಿನವರೇ ಆಗ್ಬೇಕು."

ಶಾಂಭವಿ ವೀರೇಶನ ಕಡೆ ನೋಡಿದಳು. ಅವನು ಬಾಸಿಂಗದ ಕೆಳಗೆ ನಗು ತಡೆಯಲು ಒದ್ದಾಡುತ್ತಿದ್ದ. ಫೋಟೋಗ್ರಾಫರ್, "ಸರ್, ಸ್ವಲ್ಪ ಸೀರಿಯಸ್ ಇರ್ರಿ," ಎಂದು ಬೈದ.